ಕಟಕಟೆ ಅಕ್ಕನ ತಿದ್ದುಪಡಿ

"ಆ ಮನೆ ಮುಂದೆ ಹೋಗುವಾಗ ಬಾಯಿ ಮುಚ್ಕೊಂಡು ಹೋಗಿ, ಇಲ್ಲಾಂದ್ರೆ ಆಡಿದ ಮಾತೆಲ್ಲ ನಾಲ್ಕು ಪ್ರತಿ ಟೈಪ್ ಆಗಿಬಿಡುತ್ತೆ" ಎಂದು ಬೀದಿಯವರು ನಗುತ್ತಿದ್ದರು. ಮೂಲೆಯ ಕ್ಷೌರದಂಗಡಿಯವನ ಪ್ರಕಾರ ಅಕ್ಕನಿಗೆ ನಾಲಿಗೆಯೇ ಇರಲಿಲ್ಲ; ದೇವರು ಅದನ್ನೂ ಬೆರಳು ಮಾಡಿ ಕೈಗೇ ಅಂಟಿಸಿಬಿಟ್ಟಿದ್ದ. ಎದುರು ಮನೆಯ ಅಜ್ಜಿ ಮಾತ್ರ ದನಿ ತಗ್ಗಿಸಿ ಬೇರೆಯೇ ಹೇಳುತ್ತಿದ್ದರು: "ಪಾಪದ ಹೆಂಗಸು ಅಂತ ಮೋಸ ಹೋಗಬೇಡಿ. ದಿನಾ ಆ ಕೊಲೆಗಡುಕನ ಮಾತನ್ನ ಕಿವಿಯಲ್ಲಿ ತುಂಬ್ಕೊಂಡು ಬರುತ್ತೆ ಅದು. ಅಂಥ ಕಿವಿಯಲ್ಲಿ ಒಳ್ಳೆ ಮಾತಿಗೆ ಜಾಗ ಎಲ್ಲಿಂದ ಬರಬೇಕು?"

ಅಜ್ಜಿ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಅಕ್ಕ ಜೈಲಿನ ಆಸ್ಪತ್ರೆಯಲ್ಲಿ ಟೈಪಿಸ್ಟು. ಕೈದಿಗಳ ಮನಸ್ಸು ನೋಡುವ ಡಾಕ್ಟರು ಅವರ ಜೊತೆ ಮಾತಾಡಿ ಟೇಪ್ ಮಾಡುತ್ತಿದ್ದರು. ಆ ಟೇಪಿನ ಮಾತನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಕಾಗದದ ಮೇಲೆ ಇಳಿಸುವುದು ಅಕ್ಕನ ಕೆಲಸ. ಹಾಗೆ ಇಳಿದ ಪುಟಗಳು ಕೋರ್ಟಿಗೆ ಹೋಗುತ್ತಿದ್ದವು. ಮನೆಯಲ್ಲೂ ಅಪ್ಪನ ಕಾಲದ ಒಂದು ಟೈಪ್‌ರೈಟರ್ ಇತ್ತು. ಬೀದಿಯವರ ಅರ್ಜಿ, ಪತ್ರಗಳನ್ನು ಭಾನುವಾರ ಅದರಲ್ಲಿ ಕಟಕಟ ಅಂತ ಹೊಡೆದು ಕೊಡುತ್ತಿದ್ದರು. ಕಟಕಟ ಶಬ್ದಕ್ಕೂ ಕೋರ್ಟಿನ ಕಟಕಟೆಗೂ ಗಂಟು ಹಾಕಿ ಯಾರೋ ಒಬ್ಬ ತುಂಟ ಕಟಕಟೆ ಅಕ್ಕ ಎಂದ. ಹೆಸರು ನಿಂತುಬಿಟ್ಟಿತು. ಮೂವತ್ತೊಂದು ವರ್ಷ ಕೋರ್ಟಿಗೆ ಪುಟ ಕಳಿಸಿದ ಆ ಅಕ್ಕ ನಿಜವಾದ ಕಟಕಟೆಯನ್ನು ಒಂದು ಸಲವೂ ಹತ್ತಿರಲಿಲ್ಲ.

ಮನೆ ಎಂದರೆ ಆಸ್ಪತ್ರೆಯವರು ಕೊಟ್ಟ ಕ್ವಾರ್ಟರ್ಸು. ಹದಿನೆಂಟು ಮೆಟ್ಟಿಲು ಹತ್ತಿದರೆ ಎರಡು ಕೋಣೆ, ಒಂದು ಅಡುಗೆಮನೆ. ಜೊತೆಗೆ ಅತ್ತಿಗೆ. ಅಣ್ಣ ತೀರಿಕೊಂಡ ಮೇಲೆ ನಾದಿನಿ ಅತ್ತಿಗೆ ಇಬ್ಬರೇ ಉಳಿದಿದ್ದರು. ಅತ್ತಿಗೆಗೆ ಮೊಣಕಾಲು ನೋವು, ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ. ಅಕ್ಕ ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತಿಗೆಯ ಪ್ರಶ್ನೆ ಹೊಸ್ತಿಲಿಗೆ ಬಂದು ನಿಂತಿರುತ್ತಿತ್ತು.

"ಇವತ್ತು ಏನಂದ ಆ ಪಾಪಿ?"

"ಹೇಳೋ ಹಾಗಿಲ್ಲ ಅತ್ತಿಗೆ."

"ನನಗೇನು ಬೇಕಾಗಿಲ್ಲಮ್ಮ. ಸುಮ್ಮನೆ ಕೇಳಿದೆ. ಕೆಮ್ಮಿದ್ನಾ ಅಷ್ಟಾದರೂ ಹೇಳು."

"ಎರಡು ಸಲ ಕೆಮ್ಮಿದ."

"ಅಷ್ಟೇ ಸಾಕು" ಎಂದು ಅತ್ತಿಗೆ ಏನೋ ದೊಡ್ಡ ಗುಟ್ಟು ಸಿಕ್ಕಿದವರಂತೆ ಒಳಗೆ ಹೋಗುತ್ತಿದ್ದರು.

ಆ ಪಾಪಿಯ ವಿಷಯ ಈಗ ಹೇಳಲೇಬೇಕು. ಅವನು ಹೊಲಿಗೆ ಮಷೀನ್ ರಿಪೇರಿಯವನು. ಎಣ್ಣೆ ಡಬ್ಬಿ, ಸ್ಕ್ರೂ ಡ್ರೈವರುಗಳ ಚೀಲ ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದ. ತೆಳ್ಳಗೆ, ಮೆತ್ತಗೆ, ಎದುರಿಗೆ ಬಂದರೆ ದಾರಿ ಬಿಟ್ಟು ನಿಲ್ಲುವಂಥ ಮನುಷ್ಯ. ಒಂಟಿಯಾಗಿದ್ದು ಹೊಲಿಗೆ ಮಾಡಿ ಬದುಕುತ್ತಿದ್ದ ಆರು ಜನ ಹೆಂಗಸರನ್ನು ನಾಲ್ಕು ವರ್ಷಗಳಲ್ಲಿ ಕೊಂದಿದ್ದ. ಸಿಕ್ಕಿಬಿದ್ದಾಗ ಅವನ ಬೀದಿಯವರೇ ನಂಬಲಿಲ್ಲ. ಪತ್ರಿಕೆಗಳು ಅವನನ್ನು ರಾಕ್ಷಸ ಎಂದವು. ಡಾಕ್ಟರಿಗೆ ಆ ಪದ ಹಿಡಿಸಲಿಲ್ಲ. "ರಾಕ್ಷಸ ಅಂದುಬಿಟ್ಟರೆ ನಮ್ಮ ಕೆಲಸ ಮುಗೀತು. ಮನುಷ್ಯ ಅಂದ್ಕೊಂಡರೆ ತಾನೇ, ಯಾಕೆ ಹೀಗಾದ, ಮುಂದಿನವನನ್ನ ಹೇಗೆ ಗುರುತಿಸೋದು ಅಂತ ಯೋಚಿಸೋಕಾಗೋದು" ಎನ್ನುತ್ತಿದ್ದರು. ಪ್ರತಿ ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವನ ಎದುರು ಕೂರುತ್ತಿದ್ದರು. ನೋಟ್ ಬರೆದುಕೊಳ್ಳುತ್ತಿರಲಿಲ್ಲ. ಅವನ ಕಣ್ಣು, ಕೈ, ಕೂತ ಭಂಗಿ ನೋಡುವುದು ತಮ್ಮ ಕೆಲಸ, ಮಾತು ಹಿಡಿಯುವುದು ಟೇಪಿನ ಕೆಲಸ ಎಂಬುದು ಅವರ ಲೆಕ್ಕಾಚಾರ.

ಶುಕ್ರವಾರ ಆ ಟೇಪು ಅಕ್ಕನ ಮೇಜಿಗೆ ಬರುತ್ತಿತ್ತು. ಕೋಣೆಯಲ್ಲಿ ಒಂದು ಕಿಟಕಿ, ಒಂದು ಫ್ಯಾನು, ಮೇಜಿನ ಕೆಳಗೆ ಟೇಪನ್ನು ನಿಲ್ಲಿಸಲು ಕಾಲಲ್ಲಿ ಒತ್ತುವ ಪೆಡಲ್ಲು, ಗೋಡೆಯ ಮೇಲೆ ಒಂದು ಬೋರ್ಡು: ಕೇಳಿದ್ದನ್ನೇ ಟೈಪ್ ಮಾಡಿ. ಅಕ್ಕ ಕೇಳಿದ್ದನ್ನೇ ಮಾಡುತ್ತಿದ್ದರು. ಅವನು ಸೀನಿದರೆ ಸೀನಿದ, ಕುರ್ಚಿ ಕಿರುಗುಟ್ಟಿದರೆ ಕುರ್ಚಿ ಕಿರುಗುಟ್ಟಿತು. ಮಾತು ನಿಂತರೆ, ಎಷ್ಟು ಸೆಕೆಂಡು ನಿಂತಿತೋ ಅಷ್ಟು ಚುಕ್ಕಿ. ನ್ಯಾಯಾಧೀಶರೊಬ್ಬರು ಒಮ್ಮೆ "ಈ ಟೈಪಿಸ್ಟಿನ ಪುಟ ಓದಿದರೆ ಟೇಪ್ ಕೇಳುವ ಅಗತ್ಯವಿಲ್ಲ" ಎಂದು ಬರೆದಿದ್ದರು. ಆ ಸಾಲನ್ನು ಅಕ್ಕ ಯಾರಿಗೂ ತೋರಿಸಿರಲಿಲ್ಲ. ಅತ್ತಿಗೆ ಕದ್ದು ಓದಿ ಇಡೀ ಬೀದಿಗೆ ತೋರಿಸಿದ್ದರು.

ಆದರೆ ಒಂದೇ ಒಂದು ಕಡೆ ಅಕ್ಕ ಕೇಳಿದ್ದನ್ನೇ ಟೈಪ್ ಮಾಡುತ್ತಿರಲಿಲ್ಲ. ಅದು ಅವರಿಗೇ ಗೊತ್ತಿರಲಿಲ್ಲ.

ಅಕ್ಕನ ಅಪ್ಪ ಟೈಪಿಂಗ್ ಶಾಲೆಯ ಮಾಸ್ತರು. ಎಂಟನೆಯ ವಯಸ್ಸಿನಲ್ಲಿ ಮಗಳ ಬೆರಳನ್ನು ಕೀಲಿಗಳ ಮೇಲೆ ಕೂರಿಸಿದವರು. ಒಮ್ಮೆ ಯಾರದೋ ಸಾವಿನ ಪತ್ರ ಹೊಡೆಯುವಾಗ ಹುಡುಗಿ 'ಅವನು ಸತ್ತನು' ಎಂದು ಹೊಡೆದಿದ್ದಳು. ಅಪ್ಪ ಹಾಳೆ ಎಳೆದು ಹರಿದರು. "ಸತ್ತವರನ್ನ ಏಕವಚನದಲ್ಲಿ ಹೊಡೀಬೇಡ ಮಗಳೇ. ತಪ್ಪಾದರೆ ಅವರು ಎದ್ದು ಬಂದು ತಿದ್ದೋಕಾಗಲ್ಲ" ಎಂದರು. ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ಆ ಮಾತು ತಲೆಯಿಂದ ಇಳಿದು ಬೆರಳಿಗೆ ಹೋಗಿ ಕೂತಿತ್ತು.

ಈ ಮಷೀನ್ ರಿಪೇರಿಯವನಿಗೆ ಒಂದು ಚಾಳಿ. ಸತ್ತ ಹೆಂಗಸರನ್ನು ಅವನು ಅವರು ಎನ್ನುತ್ತಿರಲಿಲ್ಲ, ಅವಳು ಎಂದೂ ಎನ್ನುತ್ತಿರಲಿಲ್ಲ. ಅದು ಎನ್ನುತ್ತಿದ್ದ. ಮಷೀನಿಗೂ ಅದು, ಮನುಷ್ಯರಿಗೂ ಅದು. "ಅದು ಕಿರ್ರ್ ಅಂತಿತ್ತು. ಎಣ್ಣೆ ಬಿಟ್ಟೆ. ಚಕ್ರ ಬಿಚ್ಚಿ ನೋಡಿದೆ. ಆಮೇಲೆ ಅದು ಬಾಗಿಲ ಕಡೆ ಓಡಿತು." ಇಂಥ ಕಡೆ ಅಕ್ಕನ ಕಾಲು ತಾನಾಗಿ ಪೆಡಲ್ ಒತ್ತುತ್ತಿತ್ತು. ಟೇಪು ಒಂದು ಕ್ಷಣ ನಿಲ್ಲುತ್ತಿತ್ತು. ಬೆರಳು ತಾನಾಗಿ ಹೊಡೆಯುತ್ತಿತ್ತು: ಆಮೇಲೆ ಅವರು ಬಾಗಿಲ ಕಡೆ ಓಡಿದರು. ಕೊಲೆಯ ಮಾತು ಬಂದದ್ದು ಒಬ್ಬೊಬ್ಬರಿಗೆ ಒಂದರಂತೆ ಆರು ಟೇಪುಗಳಲ್ಲಿ, ಆರರಲ್ಲೂ ಹೀಗೆಯೇ.

ಒಂದು ದಿನ ಅವನು ಜೈಲರನ್ನು ಕರೆದು, "ಇನ್ನೊಬ್ಬರು ಇದ್ದಾರೆ. ಏಳನೆಯವರು. ನದಿಗೆ ಹಾಕಿದೆ" ಎಂದ. ಹೆಸರನ್ನೂ ಹೇಳಿದ. ಮೂರು ವರ್ಷದಿಂದ ಕಾಣೆಯಾಗಿದ್ದ ಒಬ್ಬ ಟೈಲರಮ್ಮನ ಹೆಸರು. ನದಿಯಲ್ಲಿ ಏನೂ ಸಿಗಲಿಲ್ಲ, ಆದರೆ ಅಷ್ಟು ವರ್ಷದ ಮೇಲೆ ಏನು ಸಿಕ್ಕೀತು ಎಂದರು ಪೊಲೀಸರು. ಟೈಲರಮ್ಮನ ಮನೆಯ ಹೊಲಿಗೆ ಮಷೀನೂ ಕಾಣೆಯಾಗಿತ್ತು. ಅದನ್ನೂ ಇವನೇ ಹೊತ್ತೊಯ್ದ ಎಂದು ಬರೆದುಕೊಂಡರು. ಡಾಕ್ಟರ ಟೇಪು ಕೋರ್ಟಿಗೆ ಬಂದು ನ್ಯಾಯಾಧೀಶರು ಸಹಿ ಹಾಕಿದರೆ, ಕಾಣೆಯಾದವರನ್ನು ಹುಡುಕುವ ಫೈಲು ಮುಚ್ಚಿಹೋಗುತ್ತಿತ್ತು. ಸೋಮವಾರ ವಿಚಾರಣೆ.

ಹಿಂದಿನ ಶುಕ್ರವಾರ ಏಳನೆಯ ಟೇಪು ಅಕ್ಕನ ಮೇಜಿಗೆ ಬಂತು. ಅಕ್ಕ ಹೊಡೆದು ಮುಗಿಸಿ, ನಾಲ್ಕು ಪ್ರತಿ ಬಿಡಿಸಿ, ಕಾರ್ಬನ್ನಿನ ಕೈ ಒರೆಸಿಕೊಂಡು ಕೂತರು. ಟೀ ಬಂದಿರಲಿಲ್ಲ. ಕಾದರು. ಟೀ ತರುವ ಮುದುಕಪ್ಪ ಬಂದಾಗ "ಏನಪ್ಪ, ಇವತ್ತು ಇಷ್ಟು ತಡ?" ಎಂದರು.

"ತಡ ಎಲ್ಲಮ್ಮಾ? ಗಡಿಯಾರ ನೋಡಿ. ನಾನು ದಿನಾ ಬರೋ ಹೊತ್ತಿಗೇ ಬಂದಿದೀನಿ. ನೀವೇ ಬೇಗ ಮುಗಿಸಿ ನನ್ನನ್ನ ಬೈತಿದೀರಿ."

ಗಡಿಯಾರ ನೋಡಿದರೆ ಅವನು ಹೇಳಿದ್ದು ನಿಜ. ಅಷ್ಟೇ ಉದ್ದದ ಟೇಪು ಉಳಿದ ಆರು ಸಲವೂ ಟೀ ಕುಡಿದಾದ ಮೇಲೆಯೇ ಮುಗಿದಿತ್ತು. ಕೈ ಓಡಿರಬೇಕು ಎಂದುಕೊಂಡು ಅಕ್ಕ ಪುಟಗಳನ್ನು ಕೋರ್ಟಿಗೆ ಕಳಿಸಿಬಿಟ್ಟರು.

ಸಂಜೆ ಹೊರಗೆ ಬಂದಾಗ ವರಾಂಡದ ಬೆಂಚಿನ ಮೇಲೆ ಕಂಡಕ್ಟರ್ ಕೂತಿದ್ದಳು. ಕಾಣೆಯಾದ ಟೈಲರಮ್ಮನ ತಂಗಿ. ಸಿಟಿ ಬಸ್ಸಿನಲ್ಲಿ ಕಂಡಕ್ಟರು. ನಾಲ್ಕು ಶುಕ್ರವಾರದಿಂದ ಡ್ಯೂಟಿ ಮುಗಿಸಿ, ಖಾಕಿಯಲ್ಲೇ, ಕುತ್ತಿಗೆಯಲ್ಲಿ ವಿಷಲ್ ನೇತುಹಾಕಿಕೊಂಡೇ ಬಂದು ಕೂರುತ್ತಿದ್ದಳು. ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು: ನದಿಯ ಯಾವ ಕಡೆ?

"ಇನ್ನೂ ಮನೆಗೆ ಹೋಗಿಲ್ವೇನಮ್ಮ?" ಎಂದರು ಅಕ್ಕ.

"ಮನೆಯಲ್ಲಿ ಏನಿದೆ ಅಂತ ಹೋಗಲಿ? ಮೊದಲು ಅವಳ ಮಷೀನ್ ಸದ್ದಿಗೆ ನಿದ್ದೆ ಬರ್ತಿರಲಿಲ್ಲ. ಈಗ ಸದ್ದಿಲ್ಲ ಅಂತ ನಿದ್ದೆ ಬರಲ್ಲ." ವಿಷಲ್ಲಿನ ದಾರವನ್ನು ಬೆರಳಿಗೆ ಸುತ್ತುತ್ತ ಹೇಳಿದಳು, "ಕೊನೇ ಮಾತು ನಾನೇ ಅಂದಿದ್ದು ಅಕ್ಕ. ಬೆಳಿಗ್ಗೆ ಡ್ಯೂಟಿಗೆ ಹೊರಡೋ ಗಡಿಬಿಡಿ. ನಿನ್ನ ಈ ದರಿದ್ರ ಮಷೀನನ್ನ ಎಲ್ಲಾದರೂ ಎತ್ಕೊಂಡು ಹೋಗು ಅಂದೆ. ಸಂಜೆ ಬಂದರೆ ಇಬ್ಬರೂ ಇಲ್ಲ. ಅವನು ಅವತ್ತೇ ಬಂದನಂತಲ್ಲ."

ಅಕ್ಕ ಅವಳ ಪಕ್ಕದಲ್ಲಿ ಕೂತರು.

"ಒಂದು ಕೇಳ್ತೀನಿ, ಹೇಳೋ ಹಾಗಿದ್ರೆ ಹೇಳಿ" ಎಂದಳು ಕಂಡಕ್ಟರ್. "ಅವನು ನಮ್ಮಕ್ಕನ ಬಗ್ಗೆ ಮಾತಾಡುವಾಗ ಮರ್ಯಾದೆ ಕೊಡ್ತಾನಾ? ನಮ್ಮಕ್ಕನಿಗೆ ಅದೊಂದು ಹುಚ್ಚು. ಹೊಲಿಸೋಕೆ ಬಂದವರು ನೀವು ಅನ್ನದಿದ್ರೆ ಅಳತೆನೇ ತಗೊಳ್ತಿರಲಿಲ್ಲ. ಕೈಯಲ್ಲಿರೋ ಅಳತೆ ಟೇಪಿನಲ್ಲೇ ಒಂದು ಬಿಡ್ತಿದ್ಲು. ನನಗೊಬ್ಬಳಿಗೆ ಮಾತ್ರ ನೀನು ಅನ್ನೋ ಪರ್ಮಿಷನ್ನು."

"ಕೊಡ್ತಾನಮ್ಮ. ಅವರು ಅಂತಾನೆ" ಎಂದುಬಿಟ್ಟರು ಅಕ್ಕ. ಬೆಳಿಗ್ಗೆಯಷ್ಟೇ ಕಿವಿಯಾರೆ ಕೇಳಿದ್ದರಲ್ಲ.

"ಎಲ್ಲರಿಗೂ ಅಂತಾನಾ, ನಮ್ಮಕ್ಕನಿಗೆ ಮಾತ್ರಾನಾ?"

"ಎಲ್ಲರಿಗೂ..." ಎಂದ ಅಕ್ಕನ ಮಾತು ಅಲ್ಲೇ ನಿಂತಿತು. ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡರು. ಮೊದಲ ಆರು ಟೇಪುಗಳಲ್ಲಿ ಪೆಡಲ್ ಒತ್ತುತ್ತಿದ್ದ ಕಾಲು ಬೆಳಿಗ್ಗೆ ಒಂದು ಸಲವೂ ಒತ್ತಿರಲಿಲ್ಲ. ಅದಕ್ಕೇ ಟೀಗೆ ಮೊದಲೇ ಮುಗಿದಿತ್ತು. ಕಾಲು ಯಾಕೆ ಒತ್ತುತ್ತಿತ್ತು? ಏನನ್ನು ಕೇಳಿ ಒತ್ತುತ್ತಿತ್ತು?

ಶನಿವಾರ ಅರ್ಧ ದಿನ ರಜೆ. ಅಕ್ಕ ಬೆಳಿಗ್ಗೆಯೇ ಹೋಗಿ ಏಳೂ ಟೇಪು ತೆಗೆಸಿಕೊಂಡರು. ಈ ಸಲ ಟೈಪ್ ಮಾಡಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಬರೀ ಕೇಳಿದರು. ಮೊದಲ ಟೇಪು: ಅದು. ಎರಡನೆಯದು: ಅದು. ಆರು ಹೆಂಗಸರು, ಆರು ಅದು. ಮೊದಲ ಬಾರಿಗೆ ಅಕ್ಕನಿಗೆ ಅವನ ಮಾತು ಅವನು ಆಡಿದ ಹಾಗೇ ಕೇಳಿಸಿತು. ಹೊರಗೆ ಹೋಗಿ ಮುಖ ತೊಳೆದು ಬಂದರು. ಏಳನೆಯದನ್ನು ಹಾಕಿದರು. "ಅವರು ಮನೆಯಿಂದ ಹೊರಟವರು ಮರಳಿಲ್ಲ. ಅವರನ್ನು ನಾನೇ..." ಮರಳಿಲ್ಲವಂತೆ! ಯಾರು ಹಾಗೆ ಮಾತಾಡುತ್ತಾರೆ? ವಾಪಸ್ ಬರಲಿಲ್ಲ ಅನ್ನುತ್ತಾರೆ. ಮರಳಿಲ್ಲ ಎಂದು ಬರೆಯುವುದು ಪತ್ರಿಕೆಯವರು, ಕಾಣೆಯಾದವರ ಸುದ್ದಿಯಲ್ಲಿ.

ಡಾಕ್ಟರ ಕೋಣೆಯ ಬಾಗಿಲ ಮುಂದೆ ಅಕ್ಕ ಸ್ವಲ್ಪ ಹೊತ್ತು ನಿಂತೇ ಇದ್ದರು. ನಿವೃತ್ತಿಗೆ ಎರಡು ತಿಂಗಳಿತ್ತು. ಸುಮ್ಮನಿದ್ದರೆ ಹಾರ ಹಾಕಿ ಕಳಿಸುತ್ತಿದ್ದರು. ಕೋರ್ಟಿನ ದಾಖಲೆ ತಿದ್ದಿದೆ ಎಂದರೆ ಏನಾಗುತ್ತಿತ್ತೋ. ಒಳಗೆ ಹೋದರು.

ಅಕ್ಕ ಹೇಳಿದ್ದನ್ನೆಲ್ಲ ಕೇಳಿ ಡಾಕ್ಟರು ತಮ್ಮ ಮೇಜಿನ ಮೇಲಿದ್ದ ದಪ್ಪ ವರದಿಯನ್ನು ಮುಂದೆ ತಳ್ಳಿದರು. ಮೊದಲ ಪುಟದಲ್ಲೇ ಇತ್ತು: ಸತ್ತವರ ಬಗ್ಗೆ ಮಾತಾಡುವಾಗ ಗೌರವ ಕಾಣುತ್ತದೆ, ಪಶ್ಚಾತ್ತಾಪ ಮೂಡುತ್ತಿರುವ ಲಕ್ಷಣ.

"ನನ್ನ ಕಿವಿಗೂ ಅದು ಅಂತಲೇ ಬೀಳ್ತಿತ್ತು" ಎಂದರು ನಿಧಾನಕ್ಕೆ. "ಮಷೀನ್ ಬಗ್ಗೆ ಹೇಳ್ತಿದಾನೆ ಅಂದ್ಕೊಂಡೆ. ಆಮೇಲೆ ಪುಟದಲ್ಲಿ ಅವರು ಅಂತ ಇತ್ತು. ನನ್ನ ಕಿವೀನ ಬಿಟ್ಟು ನಿಮ್ಮ ಟೈಪನ್ನ ನಂಬಿದೆ. ಅಲ್ಲಿಗೆ ನಾನು ಇಷ್ಟು ದಿನ ಓದಿದ್ದು ಅವನ ಮನಸ್ಸನ್ನಲ್ಲ, ನಿಮ್ಮ ಮನಸ್ಸನ್ನ!"

ಅಕ್ಕ ತಲೆ ತಗ್ಗಿಸಿದರು. "ನನ್ನಿಂದ ದೊಡ್ಡ ತಪ್ಪಾಯ್ತು ಸರ್."

"ತಪ್ಪೇ. ಇಲ್ಲ ಅನ್ನಲ್ಲ. ಆದರೆ ಈಗ ನೀವು ತಂದಿರೋದು ಇದೆಯಲ್ಲ, ಅದನ್ನ ನಾನು ಒಂದು ವರ್ಷದಿಂದ ಹುಡುಕ್ತಿದ್ದೆ." ಡಾಕ್ಟರು ಎದ್ದು ಕಿಟಕಿಯ ಬಳಿ ಹೋದರು. "ಅವನು ಬೆಳೆದ ಮನೆಯಲ್ಲಿ ಅವನನ್ನ ಎಲ್ಲರೂ ಇದು ಅಂತಿದ್ರಂತೆ. ಇದಕ್ಕೆ ಮಿಕ್ಕಿದ್ದು ಹಾಕಿ, ಇದನ್ನ ಹೊರಗೆ ಮಲಗಿಸಿ. ಹಾಗೆ ಬೆಳೆದವರು ಸಾವಿರ ಜನ ಇದ್ದಾರೆ, ಅವರು ಯಾರನ್ನೂ ಕೊಲ್ಲಲ್ಲ. ಇವನು ಆ ಮಾತನ್ನ ಎತ್ತಿಟ್ಟುಕೊಂಡ. ಮೊದಲು ಮಾತಿನಲ್ಲಿ ಮನುಷ್ಯರನ್ನ ವಸ್ತು ಮಾಡ್ತಾನೆ. ಕೈ ಏಳೋದು ಆಮೇಲೆ. ಅದು ಅನ್ನದೆ ಅವನ ಕೈ ಏಳಲ್ಲ. ಈ ಏಳನೆಯವರನ್ನ ಅವನು ಅದು ಅನ್ನಲೇ ಇಲ್ಲವಲ್ಲ!"

ಅಂದೇ ಮಧ್ಯಾಹ್ನ ಡಾಕ್ಟರು ಅವನ ಬಳಿ ಹೋಗಿ ಒಂದೇ ಪ್ರಶ್ನೆ ಕೇಳಿದರು: ಆ ಟೈಲರಮ್ಮನ ಮಷೀನು ಹೇಗಿತ್ತು? ಆರು ಮನೆಗಳ ಮಷೀನುಗಳ ಬಣ್ಣ, ಚಕ್ರದ ಓಲಾಟ, ಸೂಜಿಯ ಸದ್ದು ಎಲ್ಲವನ್ನೂ ಕೇಳದೆಯೇ ಹೇಳಿದ್ದವನು ಈಗ ಮೇಲೆ ಕೆಳಗೆ ನೋಡಿದ. "ಕಪ್ಪಿರಬೇಕು" ಎಂದ. ಆಳು ಕಳಿಸಿ ಕಂಡಕ್ಟರನ್ನು ಕರೆಸಿ ಅದೇ ಪ್ರಶ್ನೆ ಕೇಳಿದರು.

"ಹಸಿರು ಸಾರ್! ಗೇಟಿಗೆ ಬಳಿದು ಮಿಕ್ಕ ಬಣ್ಣಾನ ಮಷೀನಿಗೆ ಬಳಿದಿದ್ಲು. ಗಿಳಿ ಇದ್ದ ಹಾಗಿತ್ತು. ಒಂದು ಸಲ ನೋಡಿದವರು ಸಾಯೋವರೆಗೂ ಮರೆಯಲ್ಲ."

ಸೋಮವಾರ ಕಟಕಟೆ ಅಕ್ಕ ಕಟಕಟೆ ಹತ್ತಿದರು. ಹೊರಡುವಾಗ ಅತ್ತಿಗೆ ಅವರ ಸೆರಗು ಸರಿ ಮಾಡಿ "ಹೆದರಬೇಡ. ಕಾಲು ನಡುಗಿದರೆ ಕಟಕಟೆ ಹಿಡ್ಕೋ, ಅದನ್ನ ಹಿಡ್ಕೊಳ್ಳೋಕೇ ಮಾಡಿರೋದು" ಎಂದು ಕಳಿಸಿದ್ದರು. ಅಕ್ಕ ಎರಡೂ ಕೈಯಲ್ಲಿ ಹಿಡಿದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಸರಕಾರಿ ವಕೀಲರು ಬಿಡಲಿಲ್ಲ. "ಒಂದು ಪದ ತಿದ್ದಿದವರು ಇನ್ನೂ ಏನೇನು ತಿದ್ದಿದ್ದೀರೋ? ಈಗ ನೀವು ಹೇಳೋದನ್ನ ಹೇಗೆ ನಂಬೋದು?"

"ನಂಬಬೇಡಿ" ಎಂದರು ಅಕ್ಕ. "ಅದಕ್ಕೇ ಟೇಪ್ ತಂದಿದೀನಿ. ನನ್ನ ಮಾತೂ ಬೇಡ, ನನ್ನ ಪುಟಾನೂ ಬೇಡ. ಕೇಳಿ."

ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟರು. "ಈ ಪುಟಗಳಲ್ಲಿರುವ ಅವರು ಎಂಬುದರಲ್ಲಿ ಅವನದು ಯಾವುದು, ನಿಮ್ಮದು ಯಾವುದು?"

"ಮೊದಲ ಆರರಲ್ಲಿ ಇರೋದೆಲ್ಲ ನನ್ನವು ಸ್ವಾಮಿ. ಏಳನೆಯದರಲ್ಲಿ ಇರೋದೆಲ್ಲ ಅವನವು. ಅವನವೂ ಅಲ್ಲ. ಪತ್ರಿಕೆಯವು."

ಟೇಪು ಹಾಕಿದರು. ಅದು, ಅದು, ಅದು ಎಂಬ ಮೆತ್ತನೆಯ ದನಿ ಕೋರ್ಟಿನ ಫ್ಯಾನುಗಳ ಕೆಳಗೆ ಸುತ್ತಿತು. ಏಳನೆಯ ಟೇಪು ಬಂದಾಗ ಯಾರೂ ವಿವರಿಸಬೇಕಾಗಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಕಂಡಕ್ಟರ್ ಬಾಯಿಗೆ ಕೈ ಇಟ್ಟುಕೊಂಡಳು. ಫೈಲು ಮುಚ್ಚಬಾರದು, ಹುಡುಕಾಟ ನಡೆಯಬೇಕು ಎಂದು ಅಂದೇ ಆದೇಶವಾಯಿತು. ಆ ವಾರದ ಗುರುವಾರ ಅವನೂ ಒಪ್ಪಿಕೊಂಡ. ಹಳೆಯ ಪತ್ರಿಕೆಯೊಂದರಲ್ಲಿ ಕಾಣೆಯಾದ ಸುದ್ದಿ ಓದಿದ್ದನಂತೆ. "ಆರೂ ಹೇಳಿ ಮುಗೀತು. ಇನ್ನು ಡಾಕ್ಟ್ರು ಬರೋದು ನಿಂತುಹೋಗುತ್ತೆ ಅಂತ ಒಂದು ಸೇರಿಸಿದೆ" ಎಂದ, ಟೀಗೆ ಸಕ್ಕರೆ ಸೇರಿಸಿದವನಂತೆ. ಡಾಕ್ಟರು ತಮ್ಮ ವರದಿಯ ಮೊದಲ ಪುಟ ಹರಿದು ಹೊಸದಾಗಿ ಬರೆಯಲು ಕೂತರು. ಅಕ್ಕ ಆರು ಟೇಪುಗಳನ್ನೂ ಮತ್ತೆ ಹೊಡೆದರು, ಈ ಸಲ ಕೇಳಿದ್ದನ್ನೇ. ಪ್ರತಿ ಅದು ಹೊಡೆಯುವಾಗಲೂ ಬೆರಳು ಕೇಳದೆ ಹಿಂದೆ ಸರಿಯುತ್ತಿತ್ತು. ತಳ್ಳಿ ತಳ್ಳಿ ಹೊಡೆದರು.

ಇಲಾಖೆಯಿಂದ ಅಕ್ಕನಿಗೆ ಒಂದು ಎಚ್ಚರಿಕೆ ಪತ್ರ ಬಂತು. ನಿವೃತ್ತಿಯ ದಿನ ಹಾರವೂ ಬಂತು. ಅತ್ತಿಗೆ ಎರಡನ್ನೂ ಒಂದೇ ಮೊಳೆಗೆ ನೇತುಹಾಕಿದರು. "ಮೂವತ್ತೊಂದು ವರ್ಷಕ್ಕೆ ಒಂದೇ ಬೈಗುಳ! ನಿಮ್ಮಣ್ಣ ನನ್ನ ಹತ್ತಿರ ದಿನಕ್ಕೆ ಮೂರು ತಿಂತಿದ್ರು."

ಕಂಡಕ್ಟರ್ ಪೊಲೀಸರನ್ನು ಕಾದು ಕೂರಲಿಲ್ಲ. ಅವಳ ಬಳಿ ಪೊಲೀಸರಿಗಿಂತ ದೊಡ್ಡ ಪಡೆ ಇತ್ತು: ಎಲ್ಲ ಡಿಪೋಗಳ ಡ್ರೈವರು, ಕಂಡಕ್ಟರುಗಳು. ಬಸ್ಸಿಂದ ಬಸ್ಸಿಗೆ, ಊರಿಂದ ಊರಿಗೆ ಮಾತು ದಾಟಿತು. ಹಸಿರು ಹೊಲಿಗೆ ಮಷೀನು; ನೀವು ಅನ್ನದಿದ್ದರೆ ಅಳತೆ ತೆಗೆದುಕೊಳ್ಳದ ಟೈಲರು. ಕಂಡರೆ ಹೇಳಿ. ತಿಂಗಳು ಕಳೆಯಿತು, ಎರಡಾಯಿತು, ನಾಲ್ಕಾಯಿತು. ಶುಕ್ರವಾರ ಸಂಜೆ ಈಗ ಅವಳು ಆಸ್ಪತ್ರೆಯ ಬೆಂಚಿನ ಬದಲು ಅಕ್ಕನ ಹದಿನೆಂಟು ಮೆಟ್ಟಿಲು ಹತ್ತಿ ಬರುತ್ತಿದ್ದಳು. ನದಿಯ ಯಾವ ಕಡೆ ಎಂದು ಕೇಳುವುದನ್ನು ಬಿಟ್ಟಿದ್ದಳು. "ಎಲ್ಲಿರಬಹುದು ಅಕ್ಕ?" ಎನ್ನುತ್ತಿದ್ದಳು. ಅತ್ತಿಗೆ ಅವಳ ತಟ್ಟೆಗೆ ಇನ್ನೊಂದು ಸಲ ಬಡಿಸಿ, "ಇರೋದು ಅಂತೂ ಇದ್ದಾರಲ್ಲ, ತಿನ್ನು" ಎನ್ನುತ್ತಿದ್ದರು.

ಐದನೆಯ ತಿಂಗಳು, ಆರು ತಾಸು ದೂರದ ಇನ್ನೊಂದು ಊರಿನ ಡಿಪೋದ ಕಂಡಕ್ಟರೊಬ್ಬ ಖಾಕಿ ಅಂಗಿಯ ಕಿತ್ತ ಜೇಬು ಹೊಲಿಸಲು ಸಂತೆಬೀದಿಯ ಅಂಗಡಿಯೊಂದಕ್ಕೆ ಹೋದ. "ಏನಮ್ಮಾ, ಬೇಗ ಹೊಲಿದು ಕೊಡು" ಎಂದ. ಅಳತೆ ಟೇಪು ಚಟ್ ಎಂದು ಅವನ ಮೊಣಕೈಗೆ ಬಿತ್ತು. "ಕೊಡಿ ಅನ್ನಿ!" ಬೈಸಿಕೊಂಡ ಮನುಷ್ಯ ಖುಷಿಯಿಂದ ಕುಣಿಯುತ್ತ ಟೆಲಿಫೋನ್ ಬೂತಿಗೆ ಓಡಿದ್ದನ್ನು ಆ ಸಂತೆಬೀದಿಯವರು ಅದೇ ಮೊದಲು ನೋಡಿದ್ದು.

ಒಬ್ಬಳೇ ಹೋಗಲು ಧೈರ್ಯ ಸಾಲದೆ ಕಂಡಕ್ಟರ್ ಅಕ್ಕನನ್ನು ಕರೆದುಕೊಂಡು ಹೋದಳು. ಅಂಗಡಿಯ ಬಾಗಿಲಲ್ಲಿ ಗಿಳಿ ಹಸಿರಿನ ಮಷೀನು. ಅದರ ಹಿಂದೆ, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು, ಟೈಲರಮ್ಮ. ಕಂಡಕ್ಟರ್ ಹೊಸ್ತಿಲು ದಾಟದೆ ನಿಂತಳು.

"ಅಕ್ಕಾ... ನೀವು... ಚೆನ್ನಾಗಿದ್ದೀರಾ?"

ಟೈಲರಮ್ಮ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದರು. "ನನ್ನ ತಂಗಿ ನನ್ನನ್ನ ನೀನು ಅಂತಾಳೆ. ನೀನು ಯಾರಮ್ಮ?"

"ನೀನು ಸತ್ತೇಹೋದೆ ಅಂತ ಫೈಲ್ ಮಾಡಿದ್ರು ಕಣೇ!" ಎಂದು ಕಂಡಕ್ಟರ್ ಅಲ್ಲೇ ಬಟ್ಟೆಯ ರಾಶಿಯ ಮೇಲೆ ಕುಸಿದಳು.

"ಎತ್ಕೊಂಡು ಹೋಗು ಅಂದೆ. ಎತ್ಕೊಂಡು ಬಂದೆ. ಸಾಯಿ ಅಂತ ನೀನೇನೂ ಅಂದಿರಲಿಲ್ಲವಲ್ಲ" ಎನ್ನುತ್ತ ಟೈಲರಮ್ಮ ತಾವೂ ಅವಳ ಪಕ್ಕ ಬಟ್ಟೆಯ ಮೇಲೆಯೇ ಕೂತರು. ಅಕ್ಕ ಹೊರಗೆ ಬಂದು ಬೀದಿ ನೋಡುತ್ತ ನಿಂತರು. ಒಳಗಿನ ಮಾತು ಕಿವಿಗೆ ಬೀಳುತ್ತಿತ್ತು. ಅವರು ಕೇಳಿಸಿಕೊಳ್ಳಲಿಲ್ಲ.

ಮರಳಿ ಬರುವ ಬಸ್ಸಿನಲ್ಲಿ ಅಕ್ಕ ತಲೆಯಲ್ಲಿ ಒಂದು ಯೋಚನೆ ಹೊತ್ತು ತಂದಿದ್ದರು. ಏಳನೆಯವರು ಸಿಕ್ಕರು. ಆರು ಜನ ಸಿಗುವುದಿಲ್ಲ. ಅವನು ಹೇಗೆ ಕೂತ, ಹೇಗೆ ಕೆಮ್ಮಿದ, ಏನು ತಿಂದ, ಎಲ್ಲವನ್ನೂ ತಮ್ಮ ಬೆರಳೇ ನೂರಾರು ಪುಟ ಹೊಡೆದಿತ್ತು. ಆ ಆರು ಜನರ ಬಗ್ಗೆ ಅವನು ಹೇಳಿದ ಅದು ಎಂಬುದರ ಹೊರತು ಒಂದು ಪುಟವೂ ಇರಲಿಲ್ಲ. ಮುಂದಿನ ವಾರವೇ ಅಕ್ಕ ಆ ಆರರಲ್ಲಿ ಮೊದಲನೆಯವರ ತವರುಮನೆಗೆ ಹೋದರು. ಅವರ ಅಣ್ಣ ಬಾಗಿಲು ತೆಗೆದು, "ಅವನ ಬಗ್ಗೆ ಕೇಳೋಕೆ ಬಂದಿದ್ರೆ ಹೋಗಿಬಿಡಿ" ಎಂದ. "ಅವನ ಬಗ್ಗೆ ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತು. ನಿಮ್ಮ ತಂಗಿ ಬಗ್ಗೆ ಹೇಳಿ" ಎಂದರು ಅಕ್ಕ. ಆ ಮನುಷ್ಯ ಬಾಗಿಲು ಪೂರ್ತಿ ತೆರೆದು ಒಳಗೆ ಕೂರಿಸಿ, ತಂಗಿ ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ಹೊರಗೆ ಚಾಚುತ್ತಿದ್ದುದನ್ನು ಹೇಳಿ ನಕ್ಕ. ಅಕ್ಕ ಆ ನಗುವಿಗೂ ಟೈಪಿನಲ್ಲಿ ಜಾಗ ಕೊಟ್ಟರು. ಇಲ್ಲಿ ಅವರು ಎಂದು ಹೊಡೆಯಲು ಬೆರಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ನಿವೃತ್ತಿಯಾದವರು ಆರು ತಿಂಗಳಲ್ಲಿ ಕ್ವಾರ್ಟರ್ಸ್ ಬಿಡಬೇಕು. ಎಲ್ಲಿಗೆ ಹೋಗುವುದೆಂದು ಅತ್ತಿಗೆ ಗೊಣಗುತ್ತಿದ್ದಾಗ ಟೈಲರಮ್ಮನ ಪತ್ರ ಬಂತು: ನಮ್ಮ ಅಂಗಡಿಯ ಮೇಲೆ ಎರಡು ಕೋಣೆ ಖಾಲಿ ಇವೆ, ಗಾಳಿ ಬೆಳಕಿದೆ, ನೀವಿಬ್ಬರೂ ಬನ್ನಿ. ಕಂಡಕ್ಟರೂ ಆ ಊರಿನ ಡಿಪೋಗೆ ವರ್ಗ ಕೇಳಿಕೊಂಡಿದ್ದಳು.

"ಕೆಳಗೆ ಅವರ ಕಟಕಟ, ಮೇಲೆ ನಿನ್ನ ಕಟಕಟ. ನಡುವೆ ನಾನು ಹುಚ್ಚಿಯಾಗಬೇಕು" ಎಂದರು ಅತ್ತಿಗೆ. ಮೆಟ್ಟಿಲು ಎಷ್ಟು ಎಂದು ಮಾತ್ರ ಕೇಳಿದರು. ಒಂಬತ್ತು ಎಂದು ತಿಳಿದ ಮೇಲೆ ಪಾತ್ರೆ ಕಟ್ಟಲು ಶುರು ಮಾಡಿದರು.

ಹೊರಡುವ ದಿನ ಬೆಳಿಗ್ಗೆ ಸಾಮಾನಿನ ಲಾರಿ ಬಂದು ನಿಂತಿತು. ಕಂಡಕ್ಟರ್ ರಜೆ ಹಾಕಿ ಬಂದಿದ್ದಳು. ಲಾರಿಯವನಿಗೆ ಬಸ್ಸು ಹಿಂದೆ ತೆಗೆಸುವ ಹಾಗೆ "ಬರ್ಲಿ, ಬರ್ಲಿ, ಬರ್ಲಿ" ಎಂದು ಕೂಗಿ ವಿಷಲ್ ಊದಿದಳು. "ಇದು ಬಸ್ಸಲ್ಲಮ್ಮ" ಎಂದ ಅವನು. ಕ್ಷೌರದಂಗಡಿಯವನು ಮಂಚದ ಒಂದು ಕಡೆ ಹಿಡಿದ. ಮೊಳೆಯ ಮೇಲಿನ ಎಚ್ಚರಿಕೆ ಪತ್ರವನ್ನು ಅತ್ತಿಗೆ ತಮ್ಮ ಕೈಚೀಲಕ್ಕೇ ಹಾಕಿಕೊಂಡರು. ಒಣಗಿದ ಹಾರವನ್ನು ಅಲ್ಲೇ ಬಿಟ್ಟರು.

ಕೊನೆಗೆ ಉಳಿದದ್ದು ಅಪ್ಪನ ಟೈಪ್‌ರೈಟರ್. ಕ್ಷೌರದಂಗಡಿಯವನು ಕೈ ಚಾಚಿದ, ಅಕ್ಕ ಕೊಡಲಿಲ್ಲ. ಲಾರಿಯವನು ಚಾಚಿದ, ಅವನಿಗೂ ಕೊಡಲಿಲ್ಲ. ಮಗುವನ್ನು ಎತ್ತಿದ ಹಾಗೆ ಸೊಂಟಕ್ಕೆ ಒತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದರು. ಎದುರು ಮನೆಯ ಅಜ್ಜಿ ಗೇಟಿಗೆ ಬಂದು ನಿಂತಿದ್ದರು.

"ಹೊರಟ್ರಾ?" ಎಂದರು ಅಜ್ಜಿ.

"ಹೊರಟೆ ಅಜ್ಜಿ."

"ನಾನು ಆಡಿದ್ದೇನಾದರೂ ಕಿವಿಗೆ ಬಿದ್ದಿದ್ದರೆ..."

"ಬಿದ್ದಿದೆ. ನಾಲ್ಕು ಪ್ರತಿ ತೆಗೆದಿದೀನಿ" ಎಂದರು ಅಕ್ಕ. ಅಜ್ಜಿ ಗೇಟು ಹಿಡಿದುಕೊಂಡರು, ಆಮೇಲೆ ಇ‍ಬ್ಬರೂ ನಕ್ಕರು.

ಕಂಡಕ್ಟರ್ ಓಡಿ ಬಂದು ಎದುರು ನಿಂತಳು. "ಭಾರ ಅಲ್ವಾ ಅಕ್ಕ, ನನಗೆ ಕೊಡಿ" ಎಂದವಳು ಏನೋ ನೆನಪಾದಂತೆ ತನ್ನ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ದಾರಿ ಬಿಟ್ಟಳು.

"ಬೇಡ, ನೀವೇ ಎತ್ಕೊಂಡು ಹೋಗಿ" ಎಂದಳು. "ನಾನು ಏನೂ ಅನ್ನಲ್ಲ. ಎತ್ಕೊಂಡು ಹೋಗಿ."

ಅಕ್ಕ ಎತ್ತಿಕೊಂಡು ಹೋದರು.